ಮೌಯಿ ದ್ವೀಪದ ಪ್ರದಕ್ಷಿಣಪಥ

ಶಾಂತಸಾಗರದ ನಡುವೆ ಇರುವ ಹವಾಯಿ ದ್ವೀಪಮಾಲೆಯಲ್ಲಿ ವಿಸ್ತಾರದಿಂದ ಎರಡನೆಯದು ಮೌಯಿ ಎಂಬ ದ್ವೀಪ. ಇದರ ಪೂರ್ವಭಾಗವೆಲ್ಲವೂ ಹಾಲೆಯಾಕಲಾ ಎಂಬ ಒಂದೇ ಅಗ್ನಿಪರ್ವತದಿಂದಾದುದು. ಅದರ ಎತ್ತರ ೧೦,೦೨೩ ಅಡಿ. ಹೆಸರಿಗೆ ಸೂರ್ಯನ ಮನೆ ಎಂದರ್ಥ. ಮೌಯಿ ಎಂಬ ಪುರಾಣಪುರುಷನು ಈ ಶಿಖರದ ಮೇಲೆ ನಿಂತು, ಧಾವಿಸುವ ಸೂರ್ಯನಿಗೆ ಕುಣಿಕೆಯೊಡ್ಡಿ ಹಿಡಿದು, ತನ್ನ ತಾಯಿಯಾದ ಹೀನಾ ನಾರುಬಟ್ಟೆಯನ್ನು ಒಣಗಿಸಿಕೊಳ್ಳುವುದಕ್ಕೆ ಸಾಲುವಷ್ಟು ಹಗಲನ್ನು ದೀರ್ಘಮಾಡಿಸಿದನೆಂದು ಅಲ್ಲಿನ ಐತಿಹ್ಯವು ಹೇಳುತ್ತದೆ.

ಈ ಪರ್ವತವನ್ನು ಸುತ್ತಿಬರುವುದಕ್ಕೆ ಈಗ ಮೋಟಾರು ದಾರಿಯುಂಟು. ಉತ್ತರದ ರೇವುಪಟ್ಟಣವಾದ ಕಾಹುಲೂಯಿಯಿಂದ ಪೂರ್ವತೀರದ ಹಾನಾ ಗ್ರಾಮಕ್ಕೆ ೫೨ ಮೈಲಿ. ಪ್ರವಾಸಿಗಳಲ್ಲಿ ಬಹುಮಂದಿ ಹಾನಾವನ್ನೋ, ಅದಕ್ಕಿಂತ ಸ್ವಲ್ಪ ಮುಂದಿರುವ ಕೀಪಹುಲುವನ್ನೋ ಮುಟ್ಟಿ, ಬಂದ ದಾರಿಯಲ್ಲಿಯೇ ಹಿಂದಿರುಗುತ್ತಾರೆ. ಅಲ್ಲಿಂದ ಮುಂದೆ ಕೌಪೋ ಮಾರ್ಗವಾಗಿ ಉಲುಪಾಲಕುವಾವನ್ನು ಸೇರುವ ದಕ್ಷಿಣದ ದಾರಿ ಇಕ್ಕಟ್ಟಾದುದು. ಕೆಲವು ಮೈಲಿಗಳಷ್ಟು ಡಾಮರನ್ನೇ ಕಾಣದುದು. ಅದನ್ನು ಹಿಡಿಯುವವರು ವಿರಳ. ಆದರೆ ಹಾಗೆ ಹಿಂದಿರುಗುವವರಿಗೆ ಈ ಮಾರ್ಗದ ಚರಿತ್ರೆಯು ಅರ್ಧವೇ ತಿಳಿಯುವುದು. ಏಕೆಂದರೆ ಇದು ಮೊದಲಿಗೆ ಹೋಗಿಬರುವ ದಾರಿಯಾಗಿ ಹುಟ್ಟಿದ್ದಲ್ಲ, ಸುತ್ತಿಬರುವ ದಾರಿಯಾಗಿ ಹುಟ್ಟಿದ್ದು.

ಹದಿನಾರನೆಯ ಶತಮಾನದ ಸುಮಾರಿನಲ್ಲಿ ಪಿಯಿಲಾನಿ ಎಂಬ ಅರಸನು ಮೌಯಿ ದ್ವೀಪವನ್ನು ಆಳುತ್ತಿದ್ದನು. ದ್ವೀಪವನ್ನು ಬಳಸಿಬರುವ ಕಲ್ಲುಹಾದಿಯನ್ನು ಆತನು ಆರಂಭಿಸಿದನೆಂದೂ, ಆತನ ಮಗನಾದ ಕೀಹಾಪಿಯಿಲಾನಿಯು ಪೂರೈಸಿದನೆಂದೂ ಪರಂಪರೆಯಿಂದ ಬಂದ ಮಾತು. ತಂದೆಯು ತೀರಿಕೊಂಡ ತರುವಾಯ ಅಣ್ಣತಮ್ಮಂದಿರಿಗೆ ವೈರ ಬೆಳೆದು, ಕಿರಿಯನಾದ ಕೀಹಾ ದೇಶಭ್ರಷ್ಟನಾಗಿ, ಕಡೆಗೆ ತನ್ನ ಅಕ್ಕನ ಗಂಡನೂ ಹವಾಯಿ ದ್ವೀಪದ ಅರಸನೂ ಆದ ಉಮಿಯ ಸೈನ್ಯಸಹಾಯದಿಂದ ಹಾನಾದ ಕವುಯಿಕಿ ಎಂಬ ಗುಡ್ಡದ ಕೋಟೆಯನ್ನು ಗೆದ್ದು ರಾಜ್ಯವನ್ನು ಪಡೆದನು. ಅಲೆದಾಟದ ಕಷ್ಟವನ್ನುಂಡವನೇ ನಡೆಯುವವರ ಹಾದಿಯನ್ನು ಮುಗಿಸಿದನೆಂಬುದು ಸ್ಮರಣೀಯವಾಗಿದೆ. ನಾಲ್ಕರಿಂದ ಆರು ಅಡಿ ಅಗಲ, ಸುಮಾರು ೧೩೮ ಮೈಲಿ ಉದ್ದ. ಗಾರೆಯಿಲ್ಲದೆ ಕೈಯಿಂದ ಹೊಂದಿಸಿದ ಅಗ್ನಿಶಿಲೆಗಳು. ಇದಕ್ಕೆ ಆಲಾಲೋವಾ, ಎಂದರೆ ದೀರ್ಘಪಥ, ಎಂದು ಹೆಸರು. ಹಾನಾದ ಬಳಿಯ ಕಡಲಂಚಿನಲ್ಲಿ ಇದರ ತುಂಡುಗಳು ಇಂದಿಗೂ ಕಾಣಬರುತ್ತವೆ.

ಈ ಪಥದಲ್ಲಿ ವರ್ಷಕ್ಕೊಮ್ಮೆ ದೇವರೇ ನಡೆಯುತ್ತಿದ್ದನು. ಕೃತ್ತಿಕೆಯು ಸಂಜೆಯ ಹೊತ್ತಿಗೆ ಪೂರ್ವದಲ್ಲಿ ಉದಯಿಸುವ ಕಾಲದಿಂದ, ಎಂದರೆ ಸುಮಾರು ನಮ್ಮ ಕಾರ್ತಿಕದಿಂದ ಮೊದಲ್ಗೊಂಡು, ನಾಲ್ಕು ತಿಂಗಳು ಮಕಹಿಕಿ ಎಂಬ ಉತ್ಸವಕಾಲ. ಆಗ ಯುದ್ಧ ನಿಷಿದ್ಧ. ಮಳೆಬೆಳೆಗಳ ಅಧಿದೇವತೆಯಾದ ಲೋನೋವಿನ ಚಿಹ್ನೆಯಾಗಿ ಎತ್ತರವಾದ ಒಂದು ಕಂಬ, ಅದಕ್ಕೊಂದು ಅಡ್ಡಪಟ್ಟಿ, ಅದರಿಂದ ತೂಗುವ ಬಿಳಿಯ ನಾರುಬಟ್ಟೆ. ಇದನ್ನು ದೀರ್ಘದೇವರೆಂದು ಕರೆದು ದ್ವೀಪದ ಸುತ್ತಲೂ ಹೊತ್ತು ನಡೆಯುತ್ತಿದ್ದರು. ನಡೆಯುವಾಗ ನೆಲವು ಯಾವಾಗಲೂ ಬಲಗಡೆಗಿರಬೇಕೆಂಬುದು ನಿಯಮ. ಇದನ್ನು ಬರೆದಿಟ್ಟವನು ಡೇವಿಡ್ ಮಾಲೋ ಎಂಬ ಹವಾಯಿಯ ವಿದ್ವಾಂಸ. ೧೮೩೧ರಲ್ಲಿ, ಮೂವತ್ತೈದು ದಾಟಿದ ಪ್ರಾಯದಲ್ಲಿ, ಮೌಯಿಯ ಲಾಹೈನಾಲೂನಾ ಪಾಠಶಾಲೆಗೆ ಸೇರಿ ಕಲಿತವನು. ಪೂಜ್ಯವಾದುದನ್ನು ಬಲಕ್ಕಿಟ್ಟು ಸುತ್ತುವ ಪ್ರದಕ್ಷಿಣಾಚಾರವನ್ನು ಬಲ್ಲ ಕನ್ನಡಿಗರಿಗೆ ಇದು ಪರಿಚಿತವಾಗಿಯೇ ತೋರುವುದು. ಎರಡಕ್ಕೂ ಸಂಬಂಧವನ್ನು ಕಲ್ಪಿಸಲು ಆಧಾರವೇನೂ ಇಲ್ಲ. ಮನುಷ್ಯನ ಭಕ್ತಿಯು ದೂರದೂರದಲ್ಲಿಯೂ ಒಂದೇ ದಿಕ್ಕನ್ನು ಹಿಡಿದುದು ಸೋಜಿಗವೆನ್ನಬಹುದಷ್ಟೆ.

ಆದರೂ ಈ ಪ್ರದಕ್ಷಿಣೆಯು ಕೇವಲ ಭಕ್ತಿಯದಾಗಿರಲಿಲ್ಲ. ಬೆಟ್ಟದಿಂದ ಕಡಲವರೆಗಿನ ಒಂದೊಂದು ಸೀಳುನೆಲಕ್ಕೂ ಅಹುಪುವಾ ಎಂದು ಹೆಸರು. ಅದರ ಎಲ್ಲೆಯಲ್ಲಿ ಕಲ್ಲುಗುಪ್ಪೆ, ಅದರ ಮೇಲೆ ಮರದಲ್ಲಿ ಕಡೆದ ಹಂದಿಯ ತಲೆ. ದೇವರು ಅಲ್ಲಿ ನಿಂತಾಗ ಆ ನೆಲದವರು ಕಪ್ಪವನ್ನು ತಂದೊಪ್ಪಿಸಬೇಕು. ಸಾಲದಿದ್ದರೆ ಸುಲಿಗೆಯೂ ಆಗುತ್ತಿತ್ತೆಂದು ಮಾಲೋವೇ ಹೇಳುತ್ತಾನೆ. ಒಪ್ಪಿಸಿದ ಮೇಲೆ ಆ ನೆಲಕ್ಕೆ ನಿಷೇಧಗಳಿಂದ ಬಿಡುಗಡೆ. ಆಟ, ಕುಣಿತ, ಮಲ್ಲಯುದ್ಧ. ಕಪ್ಪವನ್ನು ಕೊಳ್ಳುವವನು ಮಳೆನಾಡಿಗೆ ಮಾತ್ರ ಬಂದು ಹಿಂದಿರುಗುವಂತಿರಲಿಲ್ಲ. ಬರನಾಡಿನ ಎಲ್ಲೆಗಲ್ಲುಗಳನ್ನೂ ಮುಟ್ಟಿಯೇ ಸುತ್ತು ಮುಗಿಸಬೇಕಾಗಿತ್ತು.

೧೮೧೯ರಲ್ಲಿ ಈ ಪದ್ಧತಿಯು ಕೊನೆಗಂಡಿತು. ರಾಜಪ್ರತಿನಿಧಿಯಾದ ಕಾಹುಮಾನು ರಾಣಿಯ ಪ್ರೇರಣೆಯಿಂದ ತರುಣ ಅರಸನಾದ ಲಿಹೋಲಿಹೋ ಸ್ತ್ರೀಯರ ಪಂಕ್ತಿಯಲ್ಲಿ ಕುಳಿತು ಉಂಡು, ಹಿಂದಿನ ನಿಷೇಧಗಳನ್ನೆಲ್ಲ ಮುರಿದನು. ದೇವಾಲಯಗಳು ಪಾಳುಬಿದ್ದವು. ಆ ರಾಣಿಯು ಹುಟ್ಟಿದುದು ಹಾನಾದ ಅದೇ ಕವುಯಿಕಿ ಗುಡ್ಡದ ಗವಿಯಲ್ಲೆಂದು ಪ್ರತೀತಿ. ಹಾದಿಯನ್ನು ಪೂರೈಸಿದವನು ರಾಜ್ಯ ಪಡೆದ ಸ್ಥಳವೂ, ಹಾದಿಯ ಉತ್ಸವವನ್ನು ನಿಲ್ಲಿಸಿದವಳ ಜನ್ಮಸ್ಥಳವೂ ಒಂದೇ ಆಯಿತು.

ತರುವಾಯ ಬಂದುದು ಕಬ್ಬು. ದ್ವೀಪದ ಮಧ್ಯದ ಬಯಲು ಫಲವತ್ತಾದುದು, ಆದರೆ ನೀರಿಲ್ಲದುದು. ಗಾಳಿಗೆ ಎದುರಾದ ಪರ್ವತದ ಈಶಾನ್ಯಪಾರ್ಶ್ವದ ಮೇಲ್ಭಾಗದಲ್ಲಾದರೋ ವರ್ಷಕ್ಕೆ ೪೦೦ ಅಂಗುಲದಷ್ಟು ಮಳೆ ಸುರಿಯುವ ಸ್ಥಳವಿದೆ. ಅಲೆಗ್ಸಾಂಡರ್, ಬಾಲ್ಡ್ವಿನ್ ಎಂಬ ಇಬ್ಬರು ಉದ್ಯಮಿಗಳು ೧೮೭೬ರಲ್ಲಿ ಆರಂಭಿಸಿ ೧೮೭೮ರ ವೇಳೆಗೆ ಅಲ್ಲಿನ ಹೊಳೆಗಳನ್ನು ಕಾಲುವೆಯಿಂದ ಬಯಲಿಗೆ ತಿರುಗಿಸಿದರು. ಮುಂದೆ ಇನ್ನೂ ಅನೇಕ ಕಾಲುವೆಗಳಾದವು. ಕೆಆನೈ ಮೊದಲಾದ ಹಳ್ಳಿಗಳಲ್ಲಿ ತಲೆಮಾರುಗಳಿಂದ ಕೆಸುವಿನ ಗೆಡ್ಡೆಯನ್ನು ಬೆಳೆಯುತ್ತಿದ್ದವರ ಗದ್ದೆಗಳಿಗೆ ನೀರು ಕಡಮೆಯಾಯಿತು. ಹಾನಾಕ್ಕೆ ಗಾಡಿಯ ದಾರಿಯು ೧೯೨೬ರ ಡಿಸೆಂಬರಿನಲ್ಲಿ ತೆರೆಯಿತು. ಅದನ್ನು ಕಡಿದವರಲ್ಲಿ ಕೆಆನೈಯಲ್ಲಿ ಬೀಡುಬಿಟ್ಟಿದ್ದ ಸೆರೆಯಾಳುಗಳೂ ಸೇರಿದ್ದರು. ಆ ದಾರಿಯಲ್ಲಿ ಸುಮಾರು ೬೨೦ ತಿರುವುಗಳು, ೫೯ ಸೇತುವೆಗಳು. ಅವುಗಳಲ್ಲಿ ೪೬ ಒಂದೇ ಗಾಡಿ ಹಾಯತಕ್ಕಷ್ಟು ಅಗಲವಾದವು. ಪ್ರವಾಸಿಗಳು ಸೇತುವೆಗಳನ್ನು ಎಣಿಸುತ್ತಾರೆ. ಕೆಳಗಿನ ನೀರೆಷ್ಟು ಎಂಬುದನ್ನು ಹಳ್ಳಿಯವರು ಎಣಿಸುತ್ತಿದ್ದರು. ೨೦೧೬ರಲ್ಲಿ ಮೌಯಿಯ ಕಡೆಯ ಸಕ್ಕರೆ ಕಾರಖಾನೆಯು ನಿಂತಿತು; ೨೦೧೮ರಲ್ಲಿ ಹವಾಯಿ ಸಂಸ್ಥಾನದ ಜಲಮಂಡಲಿಯು ಅನೇಕ ಹೊಳೆಗಳ ನೀರನ್ನು ಮರಳಿ ಹರಿಯಬಿಡುವಂತೆ ಆಜ್ಞೆಮಾಡಿತು.

ಕೀಪಹುಲುವಿನಲ್ಲಿ ಒಂದು ಸಣ್ಣ ಇಗರ್ಜಿಯಿದೆ. ೧೯೨೭ರಲ್ಲಿ ಅಟ್ಲಾಂಟಿಕ್ ಸಾಗರವನ್ನು ಏಕಾಕಿಯಾಗಿ ವಿಮಾನದಲ್ಲಿ ದಾಟಿದ ಚಾರ್ಲ್ಸ್ ಲಿಂಡ್‌ಬರ್ಗನನ್ನು ೧೯೭೪ರಲ್ಲಿ ಅದರ ಅಂಗಳದಲ್ಲಿ ಮಣ್ಣುಮಾಡಿದರು. ಆ ಸಮಾಧಿಯನ್ನು ನೋಡಿ ಅನೇಕರು ಗಾಡಿಯನ್ನು ಹಿಂದಕ್ಕೆ ತಿರುಗಿಸುತ್ತಾರೆ. ಮುಂದೆ ಹೋದವರಿಗೆ ಕೆಲವೇ ಮೈಲಿಗಳಲ್ಲಿ ಕಾಡು ಕಳೆದು ಹುಲ್ಲು, ಹುಲ್ಲು ಕಳೆದು ಕರಿಯ ಶಿಲಾಪ್ರವಾಹ ಕಾಣುವುದು. ಪರ್ವತವು ಮೋಡವನ್ನು ತಡೆದುದರಿಂದ ಈ ಪಾರ್ಶ್ವವು ಮಳೆಯ ನೆರಳಿನಲ್ಲಿದೆ. ಆದರೂ ಇದು ಬಂಜರಾಗಿರಲಿಲ್ಲ. ಕೌಪೋವಿನ ಇಳಿಜಾರುಗಳು ಸಿಹಿಗೆಣಸಿಗೆ ಹೆಸರಾಗಿದ್ದವು; ೧೭೩೦ರ ಸುಮಾರಿಗೆ ಕೆಕೌಲಿಕೆ ಎಂಬ ಅರಸನು ಇಲ್ಲಿ ಲೋವಾಲೋವಾ ಎಂಬ ಮಹಾದೇವಾಲಯವನ್ನು ಕಟ್ಟಿಸಿದನೆಂದು ಹೇಳುತ್ತಾರೆ. ಜನರು ಕ್ರಮವಾಗಿ ಊರುಬಿಟ್ಟರು. ಕಡಲತಡಿಯಲ್ಲಿ ೧೮೫೯ರ ಹುಯಿಯಲೋಹಾ ಇಗರ್ಜಿಯು ಗಾಳಿಗೆ ಒಡ್ಡಿಕೊಂಡು ಒಂಟಿಯಾಗಿ ನಿಂತಿದೆ. ೨೦೦೬ರ ಅಕ್ಟೋಬರ್ ೧೫ರ ಭೂಕಂಪದಲ್ಲಿ ಬಂಡೆಗಳುರುಳಿ ಈ ದಾರಿಯಲ್ಲಿ ಬಹುಕಾಲ ಸಂಚಾರವೇ ನಿಂತಿತ್ತು.

ದೀರ್ಘದೇವರ ಕಂಬವು ಈಗ ಈ ದಾರಿಯಲ್ಲಿ ಕಪ್ಪ ಕೇಳುತ್ತ ಬರುವುದಿಲ್ಲ. ಅದು ಹಿಂದಿರುಗಬೇಕೆಂದೂ ಯಾರೂ ಹೇಳರು. ಆದರೆ ಅದರ ನಡಿಗೆಯಲ್ಲಿ ಒಂದು ನ್ಯಾಯವಿತ್ತು: ನೀರುಳ್ಳ ನೆಲವನ್ನೂ ನೀರಿಲ್ಲದ ನೆಲವನ್ನೂ ಒಂದೇ ಸುತ್ತಿನಲ್ಲಿ ನೋಡದೆ ಆ ವರ್ಷವು ಮುಗಿಯುತ್ತಿರಲಿಲ್ಲ. ಕಾಹುಲೂಯಿಯಿಂದ ಹಾನಾಕ್ಕೆ ಹೊರಟು, ತಿರುಗದೆ, ಕೌಪೋ ಮಾರ್ಗವಾಗಿ ಬರುವ ಗಾಡಿಗೆ ಇಂದಿಗೂ ಕಡಲು ಎಡಕ್ಕೆ, ಹಾಲೆಯಾಕಲಾ ಬಲಕ್ಕೆ. ಪಿಯಿಲಾನಿಯ ಕಾಲದ ದಿಕ್ಕು ಅದೇ.