ಸರಳ ಬೇರಿಂಗ್ ಮತ್ತು ಬುಷ್: ಇತಿಹಾಸ

ಗುಂಡು, ರೋಲರುಗಳ ನೆರವಿಲ್ಲದೆ, ತಿರುಗುವ ಶಾಫ್ಟನ್ನು ತನ್ನ ಒಳಮೈ ಮೇಲೆಯೇ ಹೊರುವ ಯಂತ್ರಭಾಗ ಸರಳ ಬೇರಿಂಗ್. ಕೊಳವೆಯಂತೆ ಇಡಿಯಾಗಿದ್ದು ರಂಧ್ರದಲ್ಲಿ ಬಿಗಿಯಾಗಿ ಕೂರುವುದು ಬುಷ್. ಎರಡು ಹೋಳಾಗಿ ಶಾಫ್ಟನ್ನು ಸುತ್ತುವರಿಯುವುದು ಷೆಲ್. ಶಾಫ್ಟಿನ ಉದ್ದಗುಂಟ ಬೀಳುವ ಒತ್ತಡವನ್ನು ತಡೆಯುವುದು ಥ್ರಸ್ಟ್ ಬೇರಿಂಗ್. ಕೀಲೆಣ್ಣೆ ಹಚ್ಚಿದ ಎತ್ತಿನಗಾಡಿಯ ಅಚ್ಚಿನ ತತ್ವವೂ ಇದೇ. ಮರ ಮತ್ತು ಕಂಚಿನ ಬಳಕೆ ಪುರಾತನ.

ಬ್ಯಾಬಿಟ್ ಲೋಹ. ತವರ ಮುಖ್ಯವಾಗಿರುವ ಬಿಳಿ ಮಿಶ್ರಲೋಹಕ್ಕೆ ಅಮೆರಿಕದ ಐಸಾಕ್ ಬ್ಯಾಬಿಟ್‌ನ (1799–1862) ಹೆಸರಿದೆ. ಅವನು 1839ರಲ್ಲಿ ಈ ಲೋಹಕ್ಕೇ ಪೇಟೆಂಟ್ ಪಡೆದನೆಂದು ಹಲವೆಡೆ ಬರೆದಿರುವುದು ಸರಿಯಲ್ಲ. ಪೇಟೆಂಟ್ ಇದ್ದದ್ದು ಬೇರಿಂಗ್ ಪೆಟ್ಟಿಗೆಯ ರಚನೆಗೆ: ಗಟ್ಟಿ ಲೋಹದ ಪೆಟ್ಟಿಗೆಯ ಒಳಗೆ ಅಂಚು ಕಟ್ಟಿ, ಮೆದು ಲೋಹದ ಅಸ್ತರಿ ಜಾರದಂತೆ ಹಿಡಿದಿಡುವ ವಿಧಾನಕ್ಕೆ. 50 ಪಾಲು ತವರ, 5 ಪಾಲು ಆಂಟಿಮನಿ, 1 ಪಾಲು ತಾಮ್ರದ ಮಿಶ್ರಣ ಅದರಲ್ಲಿ ಉದಾಹರಣೆಯಾಗಿ ಮಾತ್ರ ಬರುತ್ತದೆ. ಮೆದು ತವರದ ನಡುವೆ ಹುದುಗಿದ ಗಟ್ಟಿ ಹರಳುಗಳು ಭಾರ ಹೊರುತ್ತವೆ; ಎಣ್ಣೆಯೊಡನೆ ಬಂದ ಕಸ ಮೆದು ಭಾಗದಲ್ಲಿ ಹೂತುಹೋಗುತ್ತದೆ. ಎಣ್ಣೆ ತಪ್ಪಿದರೆ ಮೊದಲು ಕರಗುವುದು ಅಸ್ತರಿ, ಶಾಫ್ಟ್ ಉಳಿಯುತ್ತದೆ.

ಎಣ್ಣೆಪದರದ ಪತ್ತೆ. 1883ರಲ್ಲಿ ಬ್ಯೂಚಾಂಪ್ ಟವರ್ ಲಂಡನ್ನಿನ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಸ್ಥೆಗೆ ಬೇರಿಂಗ್ ಪರೀಕ್ಷೆಗಳ ತನ್ನ ಮೊದಲ ವರದಿ ಒಪ್ಪಿಸಿದ. 4 ಅಂಗುಲ ದಪ್ಪದ ಶಾಫ್ಟಿನ ಮೇಲರ್ಧವನ್ನು ಬೇರಿಂಗ್ ಕವಿದಿತ್ತು, ಕೆಳಭಾಗ ಎಣ್ಣೆಯಲ್ಲಿ ಅದ್ದಿತ್ತು. ಎಣ್ಣೆ ಬಿಡಲೆಂದು ಬೇರಿಂಗಿನ ನೆತ್ತಿಗೆ ಅವನು ತೂತು ಕೊರೆದಾಗ, ಅದರಿಂದ ಎಣ್ಣೆಯೇ ಮೇಲಕ್ಕೆ ಉಕ್ಕಿತು. ಬಿರಡೆ ಜಡಿದರೂ, ಆಮೇಲೆ ಮರದ ಬೆಣೆ ಹೊಡೆದರೂ ಎಣ್ಣೆ ಅದನ್ನು ಹೊರದೂಡಿತು. ಸರಾಸರಿ ಭಾರ ಚದರ ಅಂಗುಲಕ್ಕೆ ಸುಮಾರು 100 ಪೌಂಡ್ ಇದ್ದರೂ ತೂತಿಗೆ ಜೋಡಿಸಿದ ಒತ್ತಡಮಾಪಕದ ಮುಳ್ಳು 200 ದಾಟಿತು. ಶಾಫ್ಟಿನ ಮೇಲಿನ ಭಾರವನ್ನು ಹೊತ್ತದ್ದು ಲೋಹವಲ್ಲ, ಎಣ್ಣೆ ಎಂಬುದು ಹೀಗೆ ಬಯಲಾಯಿತು. ಅದೇ ವರ್ಷ ರಷ್ಯಾದ ನಿಕೊಲಾಯ್ ಪೆಟ್ರೋವ್ ಬೇರಿಂಗಿನ ಘರ್ಷಣೆಗೆ ಎಣ್ಣೆಯ ಸ್ನಿಗ್ಧತೆಯೇ ಕಾರಣವೆಂದು ಲೆಕ್ಕಹಾಕಿದ್ದ. ಭಾರ ಹೊರುವ ಬಗೆಯನ್ನು ವಿವರಿಸಿದ್ದು 1886ರ ಆಸ್ಬೋರ್ನ್ ರೆನಾಲ್ಡ್ಸನ ಪ್ರಬಂಧ. ತಿರುಗುವ ಶಾಫ್ಟ್ ಎಣ್ಣೆಯನ್ನು ಕಿರಿದಾಗುತ್ತ ಹೋಗುವ ಸಂದಿಗೆ ಎಳೆದುಕೊಳ್ಳುತ್ತದೆ; ಬೆಣೆಯಾಕಾರದ ಆ ಪದರದಲ್ಲಿ ಒತ್ತಡ ಹುಟ್ಟುತ್ತದೆ.

ಓಲಾಡುವ ಪ್ಯಾಡುಗಳು. ಚಪ್ಪಟೆ ಥ್ರಸ್ಟ್ ಬೇರಿಂಗಿನಲ್ಲಿ ಇಂಥ ಬೆಣೆ ತಾನಾಗಿ ಏಳುವುದಿಲ್ಲ. ಬೇರಿಂಗನ್ನು ತುಂಡು ಪ್ಯಾಡುಗಳಾಗಿಸಿ, ಅವು ತುಸು ವಾಲಲು ಬಿಟ್ಟರೆ ಬೆಣೆ ಸಿದ್ಧ. ಇದನ್ನು ಮೊದಲು ಕಂಡವರು ಯಾರೆಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಆಸ್ಟ್ರೇಲಿಯದ ಎ. ಜಿ. ಎಂ. ಮಿಚೆಲ್ 1905ರಲ್ಲೇ ಪೇಟೆಂಟ್ ಪಡೆದ. ಅಮೆರಿಕದ ಆಲ್ಬರ್ಟ್ ಕಿಂಗ್ಸ್‌ಬರಿಗೆ ಅದು ದಕ್ಕಿದ್ದು 1910ರಲ್ಲಿ, ಆದರೆ ಅವನ ಪರೀಕ್ಷೆಗಳು 1898ರವು. ಇಬ್ಬರೂ ರೆನಾಲ್ಡ್ಸನಿಂದಲೇ ಹೊರಟು ಬೇರೆಬೇರೆಯಾಗಿ ಅಲ್ಲಿಗೆ ತಲುಪಿದರು. ಕಿಂಗ್ಸ್‌ಬರಿಯ ಬೇರಿಂಗ್ 1912ರಲ್ಲಿ ಪೆನ್ಸಿಲ್ವೇನಿಯದ ಹೋಲ್ಟ್‌ವುಡ್ ಜಲವಿದ್ಯುತ್ ಕೇಂದ್ರಕ್ಕೆ ಬಂತು.

ನಂತರ. ಎಣ್ಣೆ ಬಿಡಲಾಗದ ಜಾಗಗಳಿಗೆ ಎಣ್ಣೆ ಹೀರಿಸಿದ ಸರಂಧ್ರ ಕಂಚಿನ ಬುಷ್ ಬಂತು: ಬಿಸಿಯಾದಾಗ ಎಣ್ಣೆ ಹೊರಸೂಸುತ್ತದೆ, ತಣಿದಾಗ ಮರಳಿ ಒಳಸೇರುತ್ತದೆ. ಎಣ್ಣೆಯೇ ಬೇಡದ ಟೆಫ್ಲಾನ್ ಅಸ್ತರಿಯ ಬುಷ್‌ಗಳೂ ಈಗ ಬಳಕೆಯಲ್ಲಿವೆ. ದೊಡ್ಡ ಟರ್ಬೈನುಗಳಲ್ಲಿ ಮಾತ್ರ ಶಾಫ್ಟನ್ನು ಇಂದಿಗೂ ಹೊರುವುದು ಬಿಳಿ ಲೋಹದ ಮೇಲಿನ ಅದೇ ಎಣ್ಣೆಪದರ.