ಕಲ್ಯಾಣದ ಸಿರಿಯೂ ಸಿಹಿಮೂತ್ರ ರೋಗವೂ

ಇಂದಿನ ಬಸವಕಲ್ಯಾಣವು ಚಾಲುಕ್ಯರ ರಾಜಧಾನಿಯಾಗಿದ್ದ ಕಾಲದಲ್ಲಿ, 1126 ರಿಂದ 1138 ರ ವರೆಗೆ, ಮೂರನೆಯ ಸೋಮೇಶ್ವರನು ಅಲ್ಲಿ ರಾಜ್ಯವಾಳಿದನು. ಅವನ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವು ನೂರು ಅಧ್ಯಾಯಗಳ ಭಂಡಾರ. ಅದರ ಅನ್ನಭೋಗ ಪ್ರಕರಣವನ್ನು ಓದಿದರೆ ಹಾಲು, ತುಪ್ಪ, ಸಕ್ಕರೆಗಳಿಂದಾದ ಭಕ್ಷ್ಯಗಳ ಪರಿಮಳವು ಇಂದಿಗೂ ಮೂಗಿಗೆ ಬಡಿಯುವದು. ಆದರೆ ಅದೇ ಗ್ರಂಥವು ಮಲ್ಲಯುದ್ಧ, ಬೇಟೆ, ಕುದುರೆಯ ಆಟಗಳನ್ನೂ ಅಷ್ಟೇ ವಿಸ್ತಾರವಾಗಿ ಬಣ್ಣಿಸುತ್ತದೆ. ಉಣ್ಣುವ ಅರಸನು ದಣಿಯಲೂ ಬಲ್ಲವನಾಗಿದ್ದನು. ನಾವು ಅವನ ಭಕ್ಷ್ಯಗಳನ್ನು ಉಳಿಸಿಕೊಂಡೆವು, ದಣಿವನ್ನು ಬಿಟ್ಟೆವು.

ಸಿರಿಯ ಜೊತೆಗೆ ಬರುವ ರೋಗವನ್ನು ನಮ್ಮ ಪೂರ್ವಿಕರು ಅರಿಯದೆ ಇರಲಿಲ್ಲ. ಚರಕ ಸುಶ್ರುತರು ಪ್ರಮೇಹವನ್ನು ಇಪ್ಪತ್ತು ಬಗೆಯಾಗಿ ವಿಂಗಡಿಸಿ, ಅವುಗಳಲ್ಲೊಂದನ್ನು ಮಧುಮೇಹವೆಂದು ಕರೆದರು. ರೋಗಿಯ ಮೂತ್ರಕ್ಕೆ ಇರುವೆ ಮುತ್ತುವದೂ ಅವರ ಕಣ್ಣಿಗೆ ಬಿದ್ದಿತ್ತು. ಹುಟ್ಟಿನಿಂದ ಬಂದುದೊಂದು, ಅಪಥ್ಯದಿಂದ ಬಂದುದೊಂದು ಎಂದು ಸುಶ್ರುತನು ಎರಡು ಕವಲು ಮಾಡಿದನು. ಮೊದಲನೆಯ ರೋಗಿಯು ಕೃಶನು, ಎರಡನೆಯವನು ಸ್ಥೂಲನು. ಸ್ಥೂಲನಿಗೆ ನೂರು ಯೋಜನ ನಡೆಯುವದು, ಬಾವಿ ತೋಡುವದು, ಆಕಳುಗಳ ಬೆನ್ನ ಹಿಂದೆ ತಿರುಗುವದು ಇವೇ ಮೊದಲಾದ ಶ್ರಮಗಳನ್ನು ವಿಧಿಸಿ, ಕೃಶನನ್ನು ಮಾತ್ರ ಸದಾ ಕಾಪಾಡತಕ್ಕದ್ದೆಂದನು. ಈ ಭೇದವು ಎಷ್ಟು ಸೂಕ್ಷ್ಮವಾದದ್ದೆಂಬುದು ಮುಂದೆ ತಿಳಿಯುವದು.

ಈ ವೈದ್ಯವು ಕನ್ನಡಕ್ಕೂ ಇಳಿದು ಬಂದಿತು. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಿಸಿದನು. ಶರಣರಲ್ಲಿಯೂ ವೈದ್ಯ ಸಂಗಣ್ಣನೆಂಬವನು ತನ್ನ ಕಾಯಕದ ನುಡಿಯಲ್ಲಿಯೇ ವಚನಗಳನ್ನು ಹೇಳಿದನು.

ಆದರೂ ಕೃಶನನ್ನು ಕಾಪಾಡುವ ಬಗೆಯು ಯಾವ ದೇಶದವರಿಗೂ ಬಹುಕಾಲ ತಿಳಿಯಲಿಲ್ಲ. 1776 ರಲ್ಲಿ ಇಂಗ್ಲೆಂಡಿನ ಮ್ಯಾಥ್ಯೂ ಡಾಬ್ಸನ್ ರೋಗಿಯ ಮೂತ್ರದೊಳಗಿನ ಸಿಹಿಯು ಸಕ್ಕರೆಯೇ ಎಂದು ತೋರಿಸಿದನು. 1889 ರಲ್ಲಿ ಮಿಂಕೋವ್‌ಸ್ಕಿ ಮತ್ತು ಮೇರಿಂಗ್ ಇವರು ನಾಯಿಯ ಮೇದೋಜೀರಕ ಗ್ರಂಥಿಯನ್ನು ತೆಗೆಯಲು ಅದಕ್ಕೆ ಈ ರೋಗವೇ ತಗಲಿತು. ಆ ಗ್ರಂಥಿಯ ರಸವಾದ ಇನ್ಸುಲಿನ್ನನ್ನು 1921 ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಬೇರ್ಪಡಿಸಿದರು. ಮರುವರ್ಷದ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಹದಿನಾಲ್ಕರ ಹುಡುಗನು, ಎಲುಬು ಚರ್ಮವಾಗಿ ಸಾವಿನ ಹೊಸ್ತಿಲಲ್ಲಿದ್ದವನು, ಆ ಔಷಧದಿಂದ ಬದುಕಿಕೊಂಡನು. ಸುಶ್ರುತನ ಕೃಶ ರೋಗಿಗೆ ಕಡೆಗೂ ಕಾಪು ದೊರೆಯಿತು.

ಉಂಡ ಅನ್ನವು ಸಕ್ಕರೆಯಾಗಿ ರಕ್ತವನ್ನು ಸೇರುತ್ತದೆ. ಅದನ್ನು ಅಂಗಾಂಗಗಳೊಳಗೆ ಬಿಡುವ ಬೀಗದಕೈಯೇ ಇನ್ಸುಲಿನ್. ಒಂದು ಬಗೆಯಲ್ಲಿ ಅದು ಹುಟ್ಟುವದೇ ನಿಂತುಹೋಗುತ್ತದೆ. ಹೆಚ್ಚಾಗಿ ಮಕ್ಕಳಿಗೂ ತರುಣರಿಗೂ ಬರುವದು ಇದು. ಇನ್ನೊಂದರಲ್ಲಿ ಅದು ಇದ್ದೂ ಸಾಕಷ್ಟು ನಡೆಯದು. ನಮ್ಮ ಮನೆಗಳಲ್ಲಿ ಬಹುಮಟ್ಟಿಗೆ ಕಾಣುವದು ಇದೇ. ಸಕ್ಕರೆ ರಕ್ತದಲ್ಲಿ ಮಿಕ್ಕಾಗ ಮೂತ್ರದೊಡನೆ ನೀರನ್ನು ಸೆಳೆದೊಯ್ಯುತ್ತದೆ. ಅದರಿಂದ ಪದೇಪದೇ ಮೂತ್ರ, ಆರದ ನೀರಡಿಕೆ, ಉಂಡರೂ ಹಸಿವು, ಕಾರಣವಿಲ್ಲದೆ ಮೈ ಇಳಿಯುವದು, ದಣಿವು, ಕಣ್ಣು ಮಬ್ಬಾಗುವದು, ಗಾಯವು ಬೇಗ ಮಾಯದಿರುವದು, ಪಾದಗಳು ಜೋಮು ಹಿಡಿಯುವದು ಇವು ಅದರ ಕುರುಹುಗಳು. ಮಗುವು ಹಠಾತ್ತನೆ ಸೊರಗಿ, ವಾಂತಿ ಮಾಡುತ್ತ, ಉಸಿರನ್ನು ಆಳವಾಗಿ ಎಳೆಯುತ್ತ, ಮಂಕಾಗಿ ಮಲಗಿದರೆ, ದೃಷ್ಟಿ ತಾಕಿತೆಂದು ನಿವಾಳಿಸುತ್ತ ಕೂಡದೆ ಆ ಗಳಿಗೆಯಲ್ಲಿಯೇ ಆಸ್ಪತ್ರೆಗೆ ಒಯ್ಯತಕ್ಕದ್ದು. ಅಂಥ ಮಗುವಿಗೆ ಯಾವ ಕಷಾಯವನ್ನೂ ನಂಬಿ ಇನ್ಸುಲಿನ್ನನ್ನು ನಿಲ್ಲಿಸಲಾಗದು.

ಆದರೆ ಕುರುಹುಗಳನ್ನು ಬಲ್ಲೆವೆಂದು ನೆಮ್ಮದಿಯಿಂದಿರಲಾಗದು. ಎರಡನೆಯ ಬಗೆಯು ಅನೇಕ ವರ್ಷ ಸದ್ದಿಲ್ಲದೆ ಮೈಯಲ್ಲಿ ಮನೆಮಾಡಿ, ಕಣ್ಣು, ಮೂತ್ರಪಿಂಡ, ಹೃದಯ, ನರಗಳನ್ನು ಸವೆಸುತ್ತಿರುವದುಂಟು. ಇರುವೆ ಮುತ್ತುವ ವರೆಗೆ ಕಾದವನು ಬಹಳ ತಡಮಾಡಿದಂತೆಯೇ ಸರಿ. 2023 ರಲ್ಲಿ ಪ್ರಕಟವಾದ ದೇಶವ್ಯಾಪಿ ಗಣನೆಯು ಭಾರತದಲ್ಲಿ ಹತ್ತು ಕೋಟಿಗೂ ಮಿಕ್ಕಿದ ಮಧುಮೇಹಿಗಳನ್ನು ಅಂದಾಜು ಮಾಡಿದೆ; ರೋಗದ ಹೊಸ್ತಿಲಲ್ಲಿರುವವರು ಅವರಿಗಿಂತಲೂ ಹೆಚ್ಚು.

ಹುಮನಾಬಾದಿನ ವೀರಭದ್ರೇಶ್ವರನ ಜಾತ್ರೆಯಿಂದ ಬೆಂಡು ಬತ್ತಾಸುಗಳನ್ನು ತರುವದು ಈ ಸೀಮೆಯ ವಾಡಿಕೆ. ಆ ಒಂದು ದಿನದ ಸಿಹಿಯೇ ರೋಗಕ್ಕೆ ಕಾರಣವೆನ್ನಲಾಗದು. ದಿನದಿನದ ಅತಿಯಾದ ಊಟ, ಕುಳಿತೇ ಕಳೆಯುವ ಬಾಳು, ಬೆಳೆಯುವ ಹೊಟ್ಟೆ, ವಂಶದ ಒಲವು ಇವೇ ಅದಕ್ಕೆ ದಾರಿ. ‘ನಾವು ಜೋಳದ ರೊಟ್ಟಿ ಉಣ್ಣುವವರು, ನಮಗೆಲ್ಲಿಯ ಸಕ್ಕರೆ ರೋಗ?’ ಎನ್ನುವವರೂ ಇದ್ದಾರೆ. ಜೋಳವು ಒಳ್ಳೆಯ ಧಾನ್ಯವೇ ಅಹುದು. ಆದರೆ ಅದೂ ಮೈಯಲ್ಲಿ ಸಕ್ಕರೆಯಾಗುವದೇ. ಎಂತಲೇ ರೊಟ್ಟಿಯ ಎಣಿಕೆಯೂ ಬೇಕು, ಕಾಲ್ನಡಿಗೆಯೂ ಬೇಕು.

ಮೂವತ್ತು ತುಂಬಿದವರು ಸರಕಾರಿ ಆರೋಗ್ಯ ಕೇಂದ್ರದಲ್ಲಿ ರಕ್ತವನ್ನು ಪರೀಕ್ಷಿಸಿಕೊಳ್ಳಬಹುದು. ರಾತ್ರಿಯ ಉಪವಾಸದ ನಂತರ ಡೆಸಿಲೀಟರಿಗೆ 100 ಮಿಲಿಗ್ರಾಮಿನ ಒಳಗಿದ್ದರೆ ಲೇಸು. 100 ರಿಂದ 125 ಎಚ್ಚರಿಕೆ. 126 ಅಥವಾ ಮಿಗಿಲಾದುದು ಮರುಪರೀಕ್ಷೆಯಲ್ಲಿಯೂ ಕಂಡರೆ ಮಧುಮೇಹವೇ. ಸೋಮೇಶ್ವರನು ರೋಗಿಗಳ ಆರೈಕೆಯನ್ನೂ ಅರಸನ ಧರ್ಮಗಳಲ್ಲಿ ಎಣಿಸಿದ್ದಾನೆ. ಇಂದು ಆ ಧರ್ಮವು ಪ್ರತಿ ಮನೆಯ ಯಜಮಾನನಿಗೂ ಯಜಮಾನಿಗೂ ಸಲ್ಲತಕ್ಕದ್ದು. ಅದರ ಮೊದಲ ಹೆಜ್ಜೆಗೆ ಬೆರಳ ತುದಿಯ ಒಂದು ಹನಿ ನೆತ್ತರು ಸಾಕು.