ಅಮಲಿನ ಅಳತೆಗೋಲು

1897ನೆಯ ಸೆಪ್ಟೆಂಬರ್ 10ರಂದು ಲಂಡನ್ನಿನಲ್ಲಿ ಜಾರ್ಜ್ ಸ್ಮಿತ್ ಎಂಬ ಬಾಡಿಗೆ ಗಾಡಿಯ ಚಾಲಕನೊಬ್ಬನು ತನ್ನ ವಿದ್ಯುತ್ ಗಾಡಿಯನ್ನು ಕಟ್ಟಡವೊಂದಕ್ಕೆ ಗುದ್ದಿಸಿದನು. ಕುಡಿದಿದ್ದುದನ್ನು ಅವನೇ ಒಪ್ಪಿಕೊಂಡನು. 25 ಷಿಲ್ಲಿಂಗು ಜುಲ್ಮಾನೆ ಬಿತ್ತು. ಮೋಟಾರು ಯುಗದಲ್ಲಿ ಈ ಬಗೆಯ ಮೊದಲ ಅಪರಾಧಿಯೆಂದು ಚರಿತ್ರೆ ಅವನ ಹೆಸರನ್ನು ಬರೆದಿಟ್ಟುಕೊಂಡಿದೆ. ಪಾಪ, ತಪ್ಪೊಪ್ಪಿಕೊಳ್ಳದೆ ಒಬ್ಬ ಚತುರ ವಕೀಲರನ್ನು ಹಿಡಿದಿದ್ದರೆ ಏನಾಗುತ್ತಿತ್ತೋ! ಏಕೆಂದರೆ, ಅವನನ್ನು ಹಿಡಿದ ಕಾನೂನಿನಲ್ಲಿ ‘ಕುಡಿದವನು’ ಎಂದರೆ ಯಾರೆಂಬ ವಿವರಣೆಯೇ ಇರಲಿಲ್ಲ.

ಆ ಕಾನೂನು 1872ರದು. ರಾಜಮಾರ್ಗದಲ್ಲಿ ಕುದುರೆಯನ್ನಾಗಲಿ, ದನವನ್ನಾಗಲಿ, ಗಾಡಿಯನ್ನಾಗಲಿ, ಉಗಿಯಂತ್ರವನ್ನಾಗಲಿ ವಹಿಸಿಕೊಂಡವನು ಕುಡಿದಿರಕೂಡದೆಂದು ಅದು ಹೇಳಿತು. ಮೀರಿದರೆ 40 ಷಿಲ್ಲಿಂಗಿನವರೆಗೆ ದಂಡ, ಅಥವಾ ಒಂದು ತಿಂಗಳವರೆಗೆ ಸೆರೆ. ಕುಡಿದ ಗಾಡಿಯವನನ್ನು ಎತ್ತುಗಳೇ ಮನೆಗೆ ಮುಟ್ಟಿಸುವುದನ್ನು ನಮ್ಮ ಹಳ್ಳಿಗಳಲ್ಲಿ ಕಂಡವರುಂಟು. ಮೋಟಾರಿಗೆ ಅಂಥ ವಿವೇಕವಿಲ್ಲ.

1930ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಹೊಸ ಮಾತು ತಂದಿತು: ವಾಹನವನ್ನು ಸರಿಯಾಗಿ ಹತೋಟಿಯಲ್ಲಿಡಲು ಅಸಮರ್ಥನಾಗುವಷ್ಟು ಅಮಲಿನಲ್ಲಿರುವುದು ಅಪರಾಧ. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಈ ಅಸಾಮರ್ಥ್ಯವನ್ನು ರುಜುವಾತು ಮಾಡುವುದು ಹೇಗೆ? ಠಾಣೆಯಲ್ಲಿ ವೈದ್ಯರು ಆಪಾದಿತನನ್ನು ಗೆರೆಯ ಮೇಲೆ ನಡೆಸುತ್ತಿದ್ದರು. ನಾಲಗೆ ತೊಡರುವ ಮಾತುಗಳನ್ನು ಹೇಳಿಸುತ್ತಿದ್ದರು. ತರೀಕೆರೆ ಏರಿಯ ಮೇಲಿನ ಕರಿ ಕುರಿಮರಿಗಳನ್ನು ಮೂರು ಸಲ ಮೇಯಿಸು ಎಂದರೆ, ಹನಿ ಮುಟ್ಟದ ನಾನೇ ತೊದಲಿಯೇನು. ಪ್ರತಿವಾದಿ ವಕೀಲರಿಗೆ ಇಷ್ಟು ಸಾಕಾಗಿತ್ತು. ಕಾಲು ತಡವರಿಸಿದ್ದು ಅಪಘಾತದ ಆಘಾತದಿಂದ, ಮಾತು ತೊದಲಿದ್ದು ತಲೆಗೆ ಬಿದ್ದ ಪೆಟ್ಟಿನಿಂದ ಎಂದು ಅವರು ವಾದಿಸುವರು. ಅದೆಲ್ಲ ಬರಿಯ ಕುತರ್ಕವಲ್ಲ. ಮಧುಮೇಹಿಯೊಬ್ಬನು ರಕ್ತದ ಸಕ್ಕರೆ ಇಳಿದು ತೂರಾಡುವಾಗ ಕುಡುಕನಂತೆಯೇ ಕಾಣುತ್ತಾನೆ. ಆದರೆ ಇದೇ ಸಂಶಯದ ಮರೆಯಲ್ಲಿ ನಿಜವಾಗಿ ಕುಡಿದು ಜನರನ್ನು ಕೆಡವಿದವರೂ ನುಸುಳಿಕೊಂಡರು. ಪೆಟ್ಟಿಗೆಯಲ್ಲಿ ಕುಳಿತ ಜ್ಯೂರಿಗಳೋ, ನಾಳೆ ನಾವೇ ಆ ಕಟಕಟೆಯಲ್ಲಿರಬಹುದೆಂದು ಮರುಕ ತೋರುತ್ತಿದ್ದರು.

ಕಣ್ಣಿನ ಸಾಕ್ಷ್ಯ ಸಾಲದಾದಾಗ ರಸಾಯನಶಾಸ್ತ್ರ ಬಂತು. ಸ್ವೀಡನ್ನಿನ ಎರಿಕ್ ವಿಡ್‌ಮಾರ್ಕ್ ರಕ್ತದಲ್ಲಿ ಮದ್ಯಸಾರವನ್ನು ಅಳೆಯುವ ವಿಧಾನವನ್ನು ರೂಪಿಸಿದನು. ನಾರ್ವೆ 1936ರಲ್ಲಿ ಸಾವಿರಕ್ಕೆ ಅರ್ಧ ಪಾಲೆಂಬ ಮಿತಿಯನ್ನು ಕಾನೂನಿಗೆ ಸೇರಿಸಿತು. 1954ರಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ರಾಬರ್ಟ್ ಬೋರ್ಕೆನ್‌ಸ್ಟೈನ್ ಉಸಿರನ್ನು ಅಳೆಯುವ ಯಂತ್ರವನ್ನು ನಿರ್ಮಿಸಿದನು. ಬ್ರಿಟನ್ನಿನಲ್ಲಿ ಉಸಿರಿನ ಪರೀಕ್ಷೆ 1967ನೆಯ ಅಕ್ಟೋಬರಿನಲ್ಲಿ ಬಂತು. 100 ಮಿಲಿಲೀಟರ್ ರಕ್ತಕ್ಕೆ 80 ಮಿಲಿಗ್ರಾಂ ಮಿತಿ. ಅದನ್ನು ತಂದ ಸಚಿವೆ ಬಾರ್ಬರಾ ಕ್ಯಾಸಲ್ ಅವರಿಗೆ ಮೋಟಾರು ನಡೆಸಲು ಬರುತ್ತಿರಲಿಲ್ಲ. ಅದನ್ನೇ ಹಿಡಿದು ಜನ ಅವರನ್ನು ಹಂಗಿಸಿದರು.

ವಕೀಲರು ಸುಮ್ಮನಾದರೆ? ಕುಡಿದಿದ್ದನೇ ಎಂಬ ಪ್ರಶ್ನೆಯನ್ನು ಬಿಟ್ಟು, ಪರೀಕ್ಷೆ ವಿಧಿಪ್ರಕಾರ ನಡೆಯಿತೇ ಎಂದು ಹಿಡಿದರು. ಪರೀಕ್ಷಿಸಿದ ಪೊಲೀಸಿನವನು ಸಮವಸ್ತ್ರದಲ್ಲಿರಬೇಕೆಂದು ಕಾನೂನಿತ್ತು. ಒಬ್ಬನ ತಲೆಯ ಮೇಲೆ ಟೋಪಿ ಇರಲಿಲ್ಲ! ಟೋಪಿಯಿಲ್ಲದಿದ್ದರೂ ಅದು ಸಮವಸ್ತ್ರವೇ ಎಂದು 1970ರಲ್ಲಿ ನ್ಯಾಯಾಲಯ ಹೇಳಬೇಕಾಯಿತು. ಅಪಘಾತದ ನಂತರ, ಪರೀಕ್ಷೆಗೆ ಮುಂಚೆ, ಗಾಬರಿ ತಣಿಸಲೆಂದು ಕುಡಿದೆನೆಂಬ ವಾದವಂತೂ 1971ರಲ್ಲಿ ಹೌಸ್ ಆಫ್ ಲಾರ್ಡ್ಸ್‌ವರೆಗೆ ಏರಿ ಗೆದ್ದುಬಂತು. ಹತ್ತು ವರ್ಷಗಳ ಮೇಲೆ ಪಾರ್ಲಿಮೆಂಟು ಆ ಬಾಗಿಲನ್ನು ಕಿರಿದು ಮಾಡಿ, ರುಜುವಾತಿನ ಭಾರವನ್ನು ಹಾಗೆ ಹೇಳುವವನ ಮೇಲೆಯೇ ಹೊರಿಸಿತು.

ನಮ್ಮ 1939ರ ಮೋಟಾರು ವಾಹನಗಳ ಕಾನೂನು ಬ್ರಿಟನ್ನಿನ ಆ 1930ರ ‘ಹತೋಟಿ’ಯ ಮಾತನ್ನೇ ಎರವಲು ತಂದಿತ್ತು, ಅದರೊಡನೆ ಅದರ ತೊಡಕೂ ಬಂತು. ಮುಂಬಯಿ ಕಡೆಯ ಮೊಕದ್ದಮೆಯೊಂದರಲ್ಲಿ ನಮ್ಮ ಸುಪ್ರೀಂ ಕೋರ್ಟು 1971ರಲ್ಲಿ ಕೊಟ್ಟ ತೀರ್ಪು ಇಲ್ಲಿ ಓದತಕ್ಕದ್ದು. ಚಾಲಕನ ಬಾಯಿಂದ ವಾಸನೆ ಬರುತ್ತಿತ್ತು, ನಡಿಗೆ ತಡವರಿಸುತ್ತಿತ್ತು, ಮಾತು ಅಸಂಬದ್ಧವಾಗಿತ್ತು, ಕಣ್ಣಿನ ಪಾಪೆ ಹಿಗ್ಗಿತ್ತು ಎಂದು ವೈದ್ಯರು ಸಾಕ್ಷ್ಯ ಹೇಳಿದರು. ಇಷ್ಟರಿಂದಲೇ ಅವನು ಕುಡಿದಿದ್ದನೆಂದು ನಿಶ್ಚಯಿಸಲಾಗದೆಂದಿತು ನ್ಯಾಯಾಲಯ. ಮೂತ್ರವನ್ನು ಪರೀಕ್ಷಿಸಿರಲಿಲ್ಲ. ರಕ್ತವನ್ನೇನೋ ಪರೀಕ್ಷೆಗೆ ಕಳುಹಿಸಿದ್ದರು. ಅದರ ವರದಿಯನ್ನು ಮಾತ್ರ ಯಾರೂ ಹಾಜರುಪಡಿಸಲಿಲ್ಲ! ಸತ್ಯ ಒಂದು ಹಾಳೆಯ ದೂರದಲ್ಲಿತ್ತು. ಇಂಥಲ್ಲಿ ಸಂಶಯದ ಲಾಭವನ್ನು ಆಪಾದಿತನಿಗೆ ಕೊಟ್ಟದ್ದು ಸರಿಯೆಂದೇ ನನ್ನ ಅಭಿಪ್ರಾಯ. ಲೈಸೆನ್ಸು ಹೋದರೆ ಲಾರಿಯವನ ಅನ್ನವೇ ಹೋಗುತ್ತದೆ. ಅದನ್ನು ಬರಿಯ ವಾಸನೆಯ ಮೇಲೆ ಕಿತ್ತುಕೊಳ್ಳಲಾಗದು. ಅಂಥವನ ಚಕ್ರದಡಿ ಸಿಕ್ಕವನ ಮನೆಯವರಿಗೆ ಈ ಮಾತು ಹೇಗೆ ಕೇಳೀತೆಂಬುದು ಬೇರೆ ವಿಷಯ.

1988ರ ಕಾನೂನು ಮೊದಲು ರಕ್ತದಲ್ಲಿ ಎಷ್ಟೇ ಅಲ್ಪವಾಗಿದ್ದರೂ ಅಪರಾಧವೆಂದಿತು. 1994ರ ತಿದ್ದುಪಡಿ 30 ಮಿಲಿಗ್ರಾಂ ಮಿತಿಯನ್ನು ಹಾಕಿ, ಅದನ್ನು ಉಸಿರಿನ ಯಂತ್ರದಲ್ಲಿಯೇ ಕಂಡುಹಿಡಿಯಬೇಕೆಂದಿತು. 2019ರಲ್ಲಿ ಮೊದಲ ತಪ್ಪಿನ ದಂಡ 10,000 ರೂಪಾಯಿಗೆ ಏರಿತು. ಆರು ತಿಂಗಳ ಸೆರೆಗೂ ಅವಕಾಶವಿದೆ. ಹೀಗಾಗಿ ಕಟಕಟೆಯ ಪಾಟೀಸವಾಲು ಚಾಲಕನ ಕಾಲುಗಳನ್ನು ಬಿಟ್ಟು ಯಂತ್ರಕ್ಕೆ ತಿರುಗಿದೆ: ಊದಿಸಿದರೇ? ಯಂತ್ರದ ಅಳತೆಯನ್ನು ಕೊನೆಯ ಸಲ ಸರಿನೋಡಿದ್ದು ಯಾವಾಗ? ಅದು ಕೊಟ್ಟ ಚೀಟಿ ಎಲ್ಲಿ?